ರೈಲಿಗೆ ಯಾವ ಆಟ ಒಯ್ಯಲಿ? ಆಡಿದವರು ಹೇಳಿ

ಕೇಳಿದವರು: ರಜೆಗೆ ಬೆಂಗಳೂರಿನಿಂದ ಕಾರವಾರಕ್ಕೆ ಹಗಲು ರೈಲಿನಲ್ಲಿ ಹೊರಟಿದ್ದೇವೆ. ಅತ್ತೆ, ಮಾವ, ನಾವಿಬ್ಬರು, 11 ಮತ್ತು 6 ವರ್ಷದ ಮಕ್ಕಳು. ಅಲ್ಲಿ ನಾಲ್ಕು ದಿನ ಹೋಂಸ್ಟೇ. ಮಳೆ ಹಿಡಿದರೆ ಒಳಗೇ ಕೂರಬೇಕು. ಒಂದು ಕೈಚೀಲದಲ್ಲಿ ಹಿಡಿಸುವ ಆಟ ಬೇಕು. ಮೊಬೈಲ್ ಬೇಡ.

ಹುಬ್ಬಳ್ಳಿಯಿಂದ: ಮೊದಲು ನಮ್ಮ ತಪ್ಪು ಹೇಳಿಬಿಡುತ್ತೇನೆ. ಡಬ್ಬಿ ಚಿಕ್ಕದಿದೆ ಅಂತ ಒಂದು ಆಟ ಕೊಂಡೆವು. ಬಿಚ್ಚಿ ಹರಡಿದರೆ ಊಟದ ಮೇಜಿನಷ್ಟು ಜಾಗ ಬೇಕು! ಸೀಟಿನ ಮೇಲೆ ಹರಡಿದ ಕಾರ್ಡುಗಳು ಜಾರಿ ಸಂದಿಗೆ ಹೋದವು. ಎರಡು ಇವತ್ತಿಗೂ ಸಿಕ್ಕಿಲ್ಲ, ಅವಿಲ್ಲದೆ ಆಟವೇ ನಡೆಯುವುದಿಲ್ಲ. ಈಗ ಹೊರಡುವ ಹಿಂದಿನ ದಿನ ಮಂಚದ ಮೇಲೆ ಕೂತು ಒಂದು ಸುತ್ತು ಆಡಿ ನೋಡುತ್ತೇವೆ. ಹಾಸಿಗೆ ಮೇಲೆ ನಿಲ್ಲದ ಆಟ ರೈಲಿನಲ್ಲೂ ನಿಲ್ಲುವುದಿಲ್ಲ.

ಈ ಪರೀಕ್ಷೆಯಲ್ಲಿ ಊನೋ ಸಲೀಸಾಗಿ ಪಾಸು. ಕಾರ್ಡು ಕೈಯಲ್ಲೇ ಇರುತ್ತವೆ, ಮಧ್ಯೆ ಎರಡೇ ಗುಡ್ಡೆ. ಬಣ್ಣ, ಅಂಕಿ ಗೊತ್ತಿದ್ದರೆ ಸಾಕು. ನಮ್ಮತ್ತೆ ಮೊದಲ ದಿನ 'ನನ್ನ ಬಿಟ್ಟುಬಿಡಿ' ಅಂದವರು, ಮಾರನೇ ದಿನ ಮೊಮ್ಮಗನ ಮೇಲೆ +4 (ನಾಲ್ಕು ಕಾರ್ಡು ಎತ್ತಿಸುವ ಕಾರ್ಡು) ಹಾಕಿ ಕಿಲಕಿಲ ನಗುತ್ತಿದ್ದರು. ಮೊನಾಪಲಿ ಡೀಲ್ ಕೂಡ ಚಿಕ್ಕ ಡಬ್ಬಿಯೇ. ಆದರೆ ಇಂಗ್ಲಿಷ್ ಓದಬೇಕು, ಎಲ್ಲರ ಮುಂದೂ ಕಾರ್ಡು ಹರಡಬೇಕು. ಮೇಲಾಗಿ ಅದು ಐದು ಜನರ ತನಕದ ಆಟ, ನೀವು ಆರು ಜನ.

ಶಿವಮೊಗ್ಗದಿಂದ: ಆರು ವರ್ಷದವರಿಗೆ ಡಾಬಲ್ ಕೊಡಿ. 55 ದುಂಡನೆ ಕಾರ್ಡು, ಒಂದೊಂದರಲ್ಲಿ ಎಂಟು ಚಿತ್ರ. ಯಾವ ಎರಡು ಕಾರ್ಡು ಹಿಡಿದರೂ ಒಂದೇ ಒಂದು ಚಿತ್ರ ಎರಡರಲ್ಲೂ ಇರುತ್ತದೆ. ಅದನ್ನು ಮೊದಲು ಕೂಗಿದವರು ಗೆದ್ದರು. ಕನ್ನಡದಲ್ಲೇ ಕೂಗಬಹುದು. ನನ್ನ ಮಗಳು ನನ್ನನ್ನು ನಿಜವಾಗಿ ಸೋಲಿಸುವ ಆಟ ಇದೊಂದೇ, ನಾನೇನೂ ಸುಮ್ನೆ ಬಿಟ್ಟುಕೊಡುವುದಿಲ್ಲ. ಕಣ್ಣು ಮಂಜಾದ ಹಿರಿಯರಿಗೆ ಮಾತ್ರ ಸ್ವಲ್ಪ ಕಷ್ಟ.

ಮೈಸೂರಿನಿಂದ: ಯಾರೂ ಚೌಕಾಬಾರ ಹೇಳಲಿಲ್ಲವಲ್ಲ! ಹಳೇ ಬಟ್ಟೆಯ ತುಂಡಿನ ಮೇಲೆ ಐದಕ್ಕೈದು ಮನೆ ಬರೆಯಿರಿ, ಸ್ಕೆಚ್ ಪೆನ್ ಸಾಕು. ಮಡಿಚಿದರೆ ಕರ್ಚೀಫಿನಷ್ಟು. ನಾಲ್ಕು ಕವಡೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಕಾಯಿ ಕಳೆದರೆ ಗುಂಡಿ ಇಡಿ, ಕಡಲೆಕಾಯಿ ಸಿಪ್ಪೆ ಇಡಿ, ಆಟ ನಿಲ್ಲುವುದಿಲ್ಲ. ಕವಡೆ ಎಲ್ಲ ಅಂಗಾತ ಬಿದ್ದರೆ ಚೌಕ, ನಾಲ್ಕು. ಎಲ್ಲ ಬೋರಲು ಬಿದ್ದರೆ ಬಾರ, ಎಂಟು. ನಾಲ್ಕು ಕಡೆಗೆ ಆರು ಜನ ಹೇಗೆ ಅಂತೀರಾ? ಅಜ್ಜಿಗೊಂದು ಮೊಮ್ಮಗು, ತಾತನಿಗೊಂದು ಮೊಮ್ಮಗು ಜೋಡಿ ಮಾಡಿ. ಒಂದೇ ಎಚ್ಚರಿಕೆ. ಇನ್ನೊಬ್ಬರ ಕಾಯಿ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ ಅನ್ನುವುದು ಕೆಲವು ಮನೆಗಳ ನಿಯಮ, ಕೆಲವು ಮನೆಗಳದ್ದಲ್ಲ. ಇದನ್ನು ರೈಲು ಹತ್ತುವ ಮೊದಲೇ ತೀರ್ಮಾನಿಸಿ. ನಮ್ಮ ಮನೆಯಲ್ಲಿ ಇದಕ್ಕೇ ಅಪ್ಪ, ಚಿಕ್ಕಪ್ಪ ಅರಸೀಕೆರೆಯಿಂದ ಕಡೂರಿನ ತನಕ ಮಾತು ಬಿಟ್ಟಿದ್ದರು.

ಮಂಗಳೂರಿನಿಂದ: ಚೆನ್ನೆಮಣೆ (ಗುಳಿಗಳಲ್ಲಿ ಕಾಯಿ ಹಂಚುತ್ತಾ ಆಡುವ ಮಣೆ) ಹೊರಬೇಡಿ, ಮರದ್ದು, ಭಾರ. ಕಡಲ ತೀರದಲ್ಲಿ ಹಸಿ ಮರಳಿದೆಯಲ್ಲ. ಏಳೇಳರಂತೆ ಎರಡು ಸಾಲು, 14 ಗುಳಿ ತೋಡಿ. ಕಾಯಿಗೆ ಚಿಪ್ಪು ಹೆಕ್ಕುವ ಕೆಲಸ ಮಕ್ಕಳಿಗೆ ಬಿಡಿ, ಅರ್ಧ ಗಂಟೆ ಅದರಲ್ಲೇ ಹೋಗುತ್ತದೆ. ಮಳೆ ದಿನಕ್ಕೆ ತಂಬೋಲಾ (ಅಂಕಿ ಕೂಗಿ ಆಡುವ ಆಟ) ಟಿಕೆಟ್ ಒಂದು ಕಟ್ಟು ಇರಲಿ. ಹೋಂಸ್ಟೇಯಲ್ಲಿ ಬೇರೆ ಕುಟುಂಬದವರೂ ಸೇರಿಕೊಳ್ಳುತ್ತಾರೆ. ರೈಲಿನಲ್ಲಿ ಮಾತ್ರ ಬೇಡ, ಪಕ್ಕದವರು ಮಲಗಿರುತ್ತಾರೆ.

ಸಕಲೇಶಪುರದಿಂದ: ಏನೇ ಒಯ್ದರೂ ನಮ್ಮೂರು ದಾಟಿದ ಮೇಲೆ ಚೀಲಕ್ಕೆ ಹಾಕಿ. ಸುಬ್ರಹ್ಮಣ್ಯ ರೋಡ್ ತನಕ 57 ಸುರಂಗ. ಮಕ್ಕಳು ಕಿಟಕಿ ಬಿಟ್ಟು ಬರುವುದಿಲ್ಲ, ನೀವೂ ಅಷ್ಟೇ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಊನೋ ಮನೆಯಲ್ಲೇ ಇದೆ. ಚೌಕಾಬಾರ ಅಂದ ಕೂಡಲೇ ಅತ್ತೆ ಟ್ರಂಕ್ ತೆಗೆದು ಕವಡೆ ಹುಡುಕಿದರು. ಮೂರೇ ಸಿಕ್ಕಿವೆ. ನಾಲ್ಕನೆಯದು ಗ್ರಂಧಿಗೆ ಅಂಗಡಿಯಲ್ಲಿ ಬಿಡಿಯಾಗಿ ಕೊಡುತ್ತಾರಾ?