8 ಕಿಲೋ ತೂಕದ ‘10000 ವಾಟ್’ ಆಂಪ್: ಎಷ್ಟು ನಂಬಬಹುದು?

ಪೆಂಡಾಲ್_ಸೌಂಡ್:
ಬಾಡಿಗೆ ಸೌಂಡಿಗೆ ಆಂಪ್ (ಆಂಪ್ಲಿಫೈಯರ್) ಬದಲಿಸಬೇಕು. ಈಗಿರೋದು ಟ್ರಾನ್ಸ್‌ಫಾರ್ಮರ್ ಇರುವ ಹಳೇ ಬಗೆಯ ಸರ್ಕ್ಯೂಟಿನ ಕ್ಲಾಸ್ ಎಬಿ, 30 ಕಿಲೋ ಮೇಲಿದೆ, ಹೊರೋಕೇ ಇಬ್ಬರು ಬೇಕು. ನೋಡಿರೋ ಹೊಸದು ನಾಲ್ಕು ಚಾನೆಲ್, ಕ್ಲಾಸ್ ಡಿ (ವೇಗವಾಗಿ ಆನ್-ಆಫ್ ಆಗುತ್ತಾ ಕೆಲಸ ಮಾಡೋ ಬಗೆ), ಎಸ್‌ಎಂಪಿಎಸ್ (ದೊಡ್ಡ ಟ್ರಾನ್ಸ್‌ಫಾರ್ಮರ್ ಬದಲು ಸ್ವಿಚಿಂಗ್ ಪವರ್ ಸಪ್ಲೈ), 8 ಕಿಲೋ. ಮುಖದ ಮೇಲೆ 10000 ವಾಟ್ ಅಂತ ಬರೆದಿದೆ, ಹಿಂದೆ ಇರೋದು ಬರೀ 16 ಆಂಪಿಯರ್ ಪ್ಲಗ್ಗು.

ಲೋಡು: ಎರಡು ಡಬಲ್ 18 ಇಂಚಿನ ಬೇಸ್ (ಒಂದೊಂದು ಬಾಕ್ಸ್ 4 ಓಮ್, 1200 ವಾಟ್ ಆರ್‌ಎಂಎಸ್, ಅಂದರೆ ನಿರಂತರವಾಗಿ ತಡೆಯುವಷ್ಟು), ಎರಡು ಟಾಪ್ (ಬೇಸ್ ಬಿಟ್ಟು ಮೇಲಿನ ಸ್ವರಗಳ ಬಾಕ್ಸ್, 8 ಓಮ್, 500 ವಾಟ್). ಆರ್ಕೆಸ್ಟ್ರಾ, ಯಕ್ಷಗಾನ, ಗಣೇಶನ ಹಬ್ಬದಲ್ಲಿ ಡಿಜೆ. ಕರೆಂಟು ಹೆಚ್ಚಾಗಿ 15 ಕೆವಿಎ ಜನರೇಟರಿಂದ. ಒಂದು ದಿನದ ಮಟ್ಟಿಗೆ ತಂದು ಪರೀಕ್ಷೆ ಮಾಡೋಕೆ ಅಂಗಡಿಯವರು ಒಪ್ಪಿದ್ದಾರೆ. ಏನೇನು ನೋಡಲಿ?

ಓಮ್_ನಮಃ:
ಮೊದಲು ಆ 10000ವನ್ನು ಬಿಡಿಸಿ ನೋಡಿ. ಸಾಮಾನ್ಯವಾಗಿ ಅದು ನಾಲ್ಕು ಚಾನೆಲ್, ಒಂದೊಂದಕ್ಕೆ 2500, ಅದೂ 2 ಓಮ್ ಲೋಡಿಗೆ, ಕೆಲವು ಮಿಲಿಸೆಕೆಂಡಿನ ಮಟ್ಟಿಗೆ. ನಿಮ್ಮ ಬಾಕ್ಸು 4 ಓಮ್, 8 ಓಮ್. ಆ ಸಂಖ್ಯೆಗೂ ನಿಮಗೂ ಸಂಬಂಧವೇ ಇಲ್ಲ.

16 ಆಂಪಿಯರ್ ಪ್ಲಗ್ಗಿನಲ್ಲಿ ನಿರಂತರವಾಗಿ ಎಳೆಯಬಹುದಾದದ್ದು 230 × 16, ಅಂದರೆ 3680 ವಾಟ್. ಅದಕ್ಕಿಂತ ಹೆಚ್ಚು ಹೊರಗೆ ಬಂದರೆ ಅದು ಒಳಗಿನ ಕೆಪಾಸಿಟರ್‌ಗಳ ಉಳಿತಾಯದ ಹಣ, ಬೇಗ ಖರ್ಚಾಗುತ್ತೆ. 320 ವೋಲ್ಟ್ ಡಿಸಿಯಲ್ಲಿ 500 ಮೈಕ್ರೋಫ್ಯಾರಡ್ ಇದ್ದರೆ ಸುಮಾರು 25 ಜೌಲ್. ಪೂರ್ತಿ ಖಾಲಿ ಮಾಡಿದರೂ 1000 ವಾಟಿಗೆ 25 ಮಿಲಿಸೆಕೆಂಡ್ ಅಷ್ಟೇ. ಹಾಗಂತ ಮೋಸ ಅನ್ನೋಕಾಗಲ್ಲ, ಮದ್ದಳೆಯ ಪೆಟ್ಟಿಗೆ ಇಂಥ ಕ್ಷಣಿಕ ಶಕ್ತಿಯೇ ಬೇಕು. ಡಿಜೆಯ ಎಳೆದ ಬೇಸ್‌ಗೆ ಮಾತ್ರ ಸಾಲದು.

ಇನ್ನು ವಾಟ್ ಮರೆತು ವೋಲ್ಟ್ ಅಳೆಯಿರಿ. ವೋಲ್ಟಿನ ವರ್ಗವನ್ನು ಓಮ್‌ನಿಂದ ಭಾಗಿಸಿದರೆ ವಾಟ್. 4 ಓಮ್‌ಗೆ 1200 ವಾಟ್ ಅಂದರೆ 69 ವೋಲ್ಟ್, 8 ಓಮ್‌ಗೆ 500 ಅಂದರೆ 63 ವೋಲ್ಟ್.

ಲೋಡಿಗೆ ನೀರು ಕಾಯಿಸುವ ರಾಡ್ ಸಾಕು. 1500 ವಾಟಿನ ರಾಡ್ ಒಂದಕ್ಕೆ ಸುಮಾರು 35 ಓಮ್, ನಾಲ್ಕು ಪ್ಯಾರಲಲ್ ಮಾಡಿದರೆ 8.8, ಎಂಟಾದರೆ 4.4. ಒಂದು ಎಕ್ಸ್‌ಟೆನ್ಷನ್ ಬೋರ್ಡಿಗೆ ನಾಲ್ಕು ರಾಡ್, ಬೋರ್ಡಿನ ಬಾಲಕ್ಕೆ ಪ್ಲಗ್ಗಿನ ಬದಲು ಸ್ಪೀಕಾನ್ (ಸ್ಪೀಕರ್ ಕನೆಕ್ಟರ್). ಅರ್ತ್ ತಂತಿಯನ್ನು ಆಂಪಿನ ಔಟ್‌ಪುಟ್ಟಿಗೆ ಸೇರಿಸಬೇಡಿ. ಒಂದೊಂದು ಬೋರ್ಡಿನ ರಾಡುಗಳು 20 ಲೀಟರ್ ನೀರಿನಲ್ಲಿ ಮುಳುಗಿರಲಿ, ಒಣಗಿದ್ದಾಗ ಸಿಗ್ನಲ್ ಕೊಟ್ಟರೆ ಸುಡುತ್ತೆ. ಔಟ್‌ಪುಟ್ಟಲ್ಲಿ 80–100 ವೋಲ್ಟ್ ಇರುತ್ತೆ, ಬಕೆಟ್ಟಿಗೆ ಕೈ ಹಾಕಬೇಡಿ.

ಸಿಗ್ನಲ್ಲಿಗೆ ಮೊಬೈಲಿನ ಟೋನ್ ಆಪ್, 100 ಹರ್ಟ್ಸ್ ಸೈನ್. 1 ಕಿಲೋಹರ್ಟ್ಸ್ ಬೇಡ, ಸಾಮಾನ್ಯ ಮಲ್ಟಿಮೀಟರುಗಳು 400 ಹರ್ಟ್ಸ್ ದಾಟಿದ ಮೇಲೆ ತಪ್ಪು ತೋರಿಸೋದು ಹೆಚ್ಚು. ಕ್ಲಿಪ್ ದೀಪ (ಆಂಪ್ ಮಿತಿ ಮುಟ್ಟಿದಾಗ ಹೊತ್ತುವುದು) ಮಿನುಗೋಕೆ ಶುರುವಾದ ಕಡೆ ನಿಲ್ಲಿಸಿ ಓದಿ. ಮೊದಲು ಒಂದೇ ಚಾನೆಲ್, ಆಮೇಲೆ ಎರಡಕ್ಕೂ ಲೋಡ್ ಹಾಕಿ. ಎರಡರ ನಡುವೆ ವೋಲ್ಟ್ ಎಷ್ಟು ಬೀಳುತ್ತೆ ಅನ್ನೋದೇ ಪವರ್ ಸಪ್ಲೈಯ ಯೋಗ್ಯತೆ. ಕೊನೆಗೆ 50 ಹರ್ಟ್ಸ್, ಒಂದು ನಿಮಿಷ. ಎಷ್ಟನೇ ಸೆಕೆಂಡಿಗೆ ಕುಸಿಯಿತು, ಬರೆದಿಡಿ.

ಎಚ್ಚರ: ಈ ಆಂಪ್‌ಗಳಲ್ಲಿ ಎಷ್ಟೋ ಒಳಗೇ ಬ್ರಿಡ್ಜ್ ಆಗಿರುತ್ತವೆ (ಎರಡು ಆಂಪ್ ಎದುರುಬದುರಾಗಿ ಸೇರಿ ಒಂದು ಔಟ್‌ಪುಟ್), ಔಟ್‌ಪುಟ್ಟಿನ ಮೈನಸ್ಸೂ ಜೀವಂತ. ಆಸಿಲೋಸ್ಕೋಪಿನ ಅರ್ತ್ ಕ್ಲಿಪ್ ಅಲ್ಲಿಗೆ ಸಿಕ್ಕಿಸಿದರೆ ಶಾರ್ಟ್. ಬ್ಯಾಟರಿ ಮಲ್ಟಿಮೀಟರಿಗೆ ಆ ಭಯ ಇಲ್ಲ.

ಮೂರು_ಫೇಸ್:
ಮೇಲಿನದೆಲ್ಲ ಸರಿ. ಆದರೆ ಜನರೇಟರಲ್ಲಿ ಆಂಪ್ ಹೋಗೋದು ಲೋಡಿಗಿಂತ ಹೆಚ್ಚಾಗಿ ನ್ಯೂಟ್ರಲ್ ಸಡಿಲ ಆಗಿ. ನ್ಯೂಟ್ರಲ್ ಬಿಟ್ಟರೆ ಲೋಡ್ ಕಡಿಮೆ ಇರುವ ಫೇಸಿಗೆ 300 ದಾಟಿ 400 ವೋಲ್ಟ್ ಹತ್ತಿರ ಬರಬಹುದು. ರೆಕ್ಟಿಫೈ ಆದ ಮೇಲೆ ಅದು 560 ಡಿಸಿ, ಮೈನ್ಸ್ ಕಡೆಯ ಕೆಪಾಸಿಟರ್ ಹೊಟ್ಟೆ ಒಡೆಯುತ್ತೆ. ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಒಂದು ಕ್ಷಣ ತಡೆದೀತು, ಎಸ್‌ಎಂಪಿಎಸ್ ತಡೆಯಲ್ಲ.

ರ್‍ಯಾಕ್ ಸಿಕ್ಕಿಸುವ ಮೊದಲು: ಒಂದು ಫೇಸಿಗೆ ಮಾತ್ರ 1000–1500 ವಾಟಿನ ಹ್ಯಾಲೊಜೆನ್ ಹಾಕಿ ಉಳಿದೆರಡು ಫೇಸಿನ ವೋಲ್ಟ್ ನೋಡಿ. ಅಲ್ಲಿ ವೋಲ್ಟ್ ಜಿಗಿದರೆ ನ್ಯೂಟ್ರಲ್ ಸರಿಯಿಲ್ಲ, ಟರ್ಮಿನಲ್ ಬಿಗಿಸದೆ ಮುಂದಕ್ಕೆ ಹೋಗಬೇಡಿ. ಜೋಡಿಸುವಾಗ ನ್ಯೂಟ್ರಲ್ ಮೊದಲು, ಬಿಚ್ಚುವಾಗ ಕೊನೆಗೆ. 270 ವೋಲ್ಟಿಗೆ ಕತ್ತರಿಸುವ ಓವರ್‌ವೋಲ್ಟೇಜ್ ಪ್ರೊಟೆಕ್ಟರ್ ರ್‍ಯಾಕಿನಲ್ಲೇ ಇರಲಿ.

ಪಿಎಫ್‌ಸಿ (ಪವರ್ ಫ್ಯಾಕ್ಟರ್ ಸರಿಪಡಿಸುವ ಸರ್ಕ್ಯೂಟ್) ಇದೆಯಾ ಅಂತ ಕೇಳಿ. ಇಲ್ಲದಿದ್ದರೆ ಪವರ್ ಫ್ಯಾಕ್ಟರ್, ಅಂದರೆ ಎಳೆದ ಕರೆಂಟಿನಲ್ಲಿ ಕೆಲಸಕ್ಕೆ ಬರುವ ಪಾಲು, 0.65ರ ಆಸುಪಾಸು. 1150 ವಾಟಿಗೆ 5 ಆಂಪಿಯರ್ ಸಾಕಾಗುವ ಕಡೆ ಏಳೂವರೆಗಿಂತ ಹೆಚ್ಚು ಎಳೆಯುತ್ತೆ. ಇಂಥ ಲೋಡು ಮೂರೂ ಫೇಸಲ್ಲಿದ್ದರೆ ಮೂರನೇ ಹಾರ್ಮೋನಿಕ್ (50 ಹರ್ಟ್ಸಿನ ಮೂರು ಪಟ್ಟಿನ ಕರೆಂಟು) ನ್ಯೂಟ್ರಲ್ಲಿನಲ್ಲಿ ರದ್ದಾಗಲ್ಲ, ಕೂಡಿಕೊಳ್ಳುತ್ತೆ. ನ್ಯೂಟ್ರಲ್ ವೈರು ಫೇಸಿಗಿಂತ ತೆಳ್ಳಗಿರಲೇಬಾರದು. 15 ಕೆವಿಎ ಅಂದರೆ ಫೇಸಿಗೆ 5, ಅಂದರೆ ಸುಮಾರು 21 ಆಂಪಿಯರ್. ವೇದಿಕೆಯ ಪಾರ್ ಲೈಟಿನವರನ್ನು ಬೇರೆ ಫೇಸಿಗೆ ಕಳಿಸಿ.

ಬೇಸ್_ಬಾಬು:
ಇಷ್ಟೆಲ್ಲ ಯಾಕೆ, ತೂಕ ನೋಡಿದರೆ ಗೊತ್ತಾಗುತ್ತೆ. ಭಾರ ಇದ್ದರೆ ಮಾಲು.

ಓಮ್_ನಮಃ:
ಬಾಬು ಅಣ್ಣ, ಆ ಲೆಕ್ಕ 50 ಹರ್ಟ್ಸಿನ ಟ್ರಾನ್ಸ್‌ಫಾರ್ಮರಿಗೆ. ಎಸ್‌ಎಂಪಿಎಸ್ ಹತ್ತಾರು ಸಾವಿರ ಹರ್ಟ್ಸಿನಲ್ಲಿ ಓಡೋದರಿಂದ ಟ್ರಾನ್ಸ್‌ಫಾರ್ಮರ್ ಮುಷ್ಟಿಯಷ್ಟಾಗುತ್ತೆ, ಶಕ್ತಿ ಕಡಿಮೆ ಆಗಲ್ಲ. ಮೇಲಾಗಿ ಜನರೇಟರ್ 200 ವೋಲ್ಟಿಗೆ ಇಳಿದರೆ ರೆಗ್ಯುಲೇಷನ್ ಇಲ್ಲದ ಹಳೇ ಆಂಪ್ ಸುಮಾರು ಕಾಲು ಭಾಗ ಶಕ್ತಿ ಕಳಕೊಳ್ಳುತ್ತೆ. ರೆಗ್ಯುಲೇಟೆಡ್ ಎಸ್‌ಎಂಪಿಎಸ್ ಹಾಗೇ ನಿಲ್ಲುತ್ತೆ, ತೀರಾ ಇಳಿದರೆ ಒಮ್ಮೆಗೇ ಆಫ್.

ಬೆಸುಗೆ_ಕಡ್ಡಿ:
ಬಾಳಿಕೆಯ ಬಗ್ಗೆ ಯಾರೂ ಹೇಳಲಿಲ್ಲ. ಮುಚ್ಚಳ ಬಿಚ್ಚಲು ಬಿಟ್ಟರೆ ಇಷ್ಟು ನೋಡಿ: ದೊಡ್ಡ ಕೆಪಾಸಿಟರುಗಳ ಮೇಲೆ 105 ಡಿಗ್ರಿ ಅಂತ ಇದೆಯಾ, 85ರದ್ದಾ. ಭಾರದ ಕಾಯಿಲ್, ಕೆಪಾಸಿಟರುಗಳನ್ನು ಅಂಟು ಹಾಕಿ ಕೂರಿಸಿದ್ದಾರಾ. ಇಲ್ಲದಿದ್ದರೆ ಟೆಂಪೋದ ಕುಲುಕಾಟಕ್ಕೆ ಕಾಲಿನ ಸೋಲ್ಡರಿನಲ್ಲಿ ಉಂಗುರದ ಹಾಗೆ ಬಿರುಕು ಬರುತ್ತೆ. ಇದ್ದಕ್ಕಿದ್ದಂತೆ ನಿಂತು, ತಟ್ಟಿದರೆ ಮತ್ತೆ ಹಾಡುವ ಆಂಪ್‌ನಲ್ಲಿ ಮೊದಲು ಹುಡುಕಬೇಕಾದ್ದು ಇದನ್ನೇ.

105 ಡಿಗ್ರಿಯ, 2000 ಗಂಟೆಯ ಕೆಪಾಸಿಟರ್ ಪ್ರತಿ 10 ಡಿಗ್ರಿ ತಂಪಿಗೆ ಎರಡರಷ್ಟು ಬಾಳುತ್ತೆ. 65 ಡಿಗ್ರಿಯಲ್ಲಿಟ್ಟರೆ ಲೆಕ್ಕಕ್ಕೆ 32000 ಗಂಟೆ. ಆದ್ದರಿಂದ ಆಯಸ್ಸು ಇರೋದು ಫ್ಯಾನಿನಲ್ಲಿ. ಗಾಳಿ ಯಾವ ಕಡೆಯಿಂದ ಹೋಗಿ ಎಲ್ಲಿ ಬರುತ್ತೆ ಕಾಗದ ಹಿಡಿದು ನೋಡಿ. ಒಂದು ಆಂಪ್ ಮುಂದಿನಿಂದ ಹಿಂದಕ್ಕೆ, ಪಕ್ಕದ್ದು ಹಿಂದಿನಿಂದ ಮುಂದಕ್ಕೆ ಊದಿದರೆ ಇದರ ಬಿಸಿ ಅದರ ಹೊಟ್ಟೆಗೆ. ಜಾತ್ರೆ ಮೈದಾನದ ಕೆಂಪು ಧೂಳಿಗೆ ಫೋಮ್ ಫಿಲ್ಟರನ್ನು ಪ್ರತಿ ಪ್ರೋಗ್ರಾಮಿನ ಮಾರನೇ ದಿನ ತೊಳೆದು ಪೂರ್ತಿ ಒಣಗಿಸಿ ಹಾಕಬೇಕು. ಯಕ್ಷಗಾನಕ್ಕೆ ರಾತ್ರಿಯೆಲ್ಲ ಇಬ್ಬನಿಯಲ್ಲಿ ಇಡೋದಾದರೆ ವಿರಾಮದಲ್ಲೂ ಆಫ್ ಮಾಡಬೇಡಿ, ಒಳಗಿನ ಬೆಚ್ಚಗೆಯೇ ತೇವ ಕೂರದಂತೆ ತಡೆಯುತ್ತೆ. ಖಾಲಿ ಬಿದ್ದಾಗ ರ್‍ಯಾಕಿನ ತೂತುಗಳಿಗೆ ಜಾಲರಿ ಇರಲಿ, ಪವರ್ ಸಪ್ಲೈ ಮೇಲೆ ಬೆಚ್ಚಗೆ ಮಲಗುವ ಹಲ್ಲಿಯಿಂದ ಬೋರ್ಡೇ ಹೋಗುತ್ತೆ.

ಸಿಗ್ನಲ್ ಇಲ್ಲದಾಗ ಔಟ್‌ಪುಟ್ಟಿನ ಡಿಸಿಯನ್ನೂ ಅಳೆಯಿರಿ. 50 ಮಿಲಿವೋಲ್ಟಿನೊಳಗಿದ್ದರೆ ಸರಿ.

ಪೆಂಡಾಲ್_ಸೌಂಡ್:
ಅಳತೆ ಮುಗೀತು. 4.4 ಓಮ್: ಒಂದೇ ಚಾನೆಲ್ 96 ವೋಲ್ಟ್, ಎರಡೂ ಒಟ್ಟಿಗೆ 81. 50 ಹರ್ಟ್ಸಲ್ಲಿ ಎರಡೂ ಸೇರಿ 8 ಸೆಕೆಂಡ್ 81 ನಿಂತು ಆಮೇಲೆ 62ಕ್ಕೆ ಇಳೀತು, ಆಫ್ ಆಗಲಿಲ್ಲ. ಡಿಸಿ 11 ಮಿಲಿವೋಲ್ಟ್. ಕೆಪಾಸಿಟರ್ 105 ಡಿಗ್ರಿ, ಅಂಟು ಇದೆ. ಪಿಎಫ್‌ಸಿ ಇಲ್ಲ.

ಓಮ್_ನಮಃ:
ಹಾಗಾದರೆ ಒಂಟಿ ಚಾನೆಲ್ ಸುಮಾರು 2100 ವಾಟ್, ಎರಡೂ ಸೇರಿದಾಗ ಒಂದೊಂದು 1490, ಬಿಸಿಯಾದ ಮೇಲೆ 870. 10000 ಅಲ್ಲ, ಆದರೂ ಕೆಟ್ಟದ್ದಲ್ಲ. ಆರ್ಕೆಸ್ಟ್ರಾ, ಯಕ್ಷಗಾನಕ್ಕೆ ನಾಲ್ಕೂ ಬಾಕ್ಸು ಇದೊಂದರಲ್ಲೇ ನಡೆಯುತ್ತೆ. ಡಿಜೆಗೆ ಇದರಲ್ಲಿ ಬೇಸ್ ಎರಡೇ ಇರಲಿ, ಟಾಪನ್ನು ಹಳೇ ಎಬಿಗೆ ಕೊಡಿ.

ಪ್ರೊಸೆಸರಿನ (ಆಂಪಿಗೆ ಹೋಗುವ ಸಿಗ್ನಲ್ಲನ್ನು ಹಿಡಿತದಲ್ಲಿಡುವ ಪೆಟ್ಟಿಗೆ) ಆರ್‌ಎಂಎಸ್ ಲಿಮಿಟರನ್ನು ಬೇಸ್‌ಗೆ 62 ವೋಲ್ಟಿಗೆ ಕೂರಿಸಿ, ಸ್ಪೀಕರಿನ ಕಾಯಿಲಿಗೂ ಕ್ಷೇಮ, ಆಂಪಿಗೂ. ಹಿಂದಿನ ಗೇನ್ ಸ್ವಿಚ್ 32 ಡಿಬಿಯಲ್ಲಿದ್ದರೆ ವೋಲ್ಟ್ 40 ಪಟ್ಟು ಆಗುತ್ತೆ, ಅಂದರೆ ಇನ್‌ಪುಟ್ಟಲ್ಲಿ 1.55 ವೋಲ್ಟ್, ಪ್ರೊಸೆಸರಿನಲ್ಲಿ +6 ಡಿಬಿಯು (0.775 ವೋಲ್ಟಿನ ಎರಡರಷ್ಟು). ಯಾರಾದರೂ ಸ್ವಿಚ್ಚನ್ನು 38ಕ್ಕೆ ತಳ್ಳಿದರೆ ಲಿಮಿಟರ್ ಇದ್ದೂ ಇಲ್ಲದ ಹಾಗೆ, ಅದರ ಮೇಲೆ ಟೇಪ್ ಅಂಟಿಸಿ.

ಕೇಬಲ್: 2.5 ಚದರ ಮಿಮೀ ತಾಮ್ರ, 30 ಮೀಟರ್ ಹೋಗಿ ಬರೋಕೆ 0.44 ಓಮ್. 4 ಓಮ್ ಬೇಸ್‌ಗೆ ಹತ್ತನೇ ಒಂದು ಭಾಗ ವೋಲ್ಟ್ ದಾರೀಲೇ ಹೋಯ್ತು. ರ್‍ಯಾಕನ್ನು ಬೇಸ್ ಪಕ್ಕಕ್ಕೆ ತನ್ನಿ, ಉದ್ದ ಎಳೆಯೋದಿದ್ದರೆ ಸಿಗ್ನಲ್ ಕೇಬಲ್ ಎಳೆಯಿರಿ.

ಮೂರು_ಫೇಸ್:
ಪಿಎಫ್‌ಸಿ ಇಲ್ಲ ಅಂದಮೇಲೆ ಡಿಜೆ ದಿನ ಆ ಫೇಸಲ್ಲಿ ಬೇಸ್ ಆಂಪ್ ಒಂದೇ ಇರಲಿ. ಜನರೇಟರಿಂದ ರ್‍ಯಾಕಿಗೆ 4 ಚದರ ಮಿಮೀ ವೈರು.