ಮನೆಗೆ ಯಾವ ಹ್ಯಾಂಡಿಕ್ಯಾಮ್ ತಗೊಳ್ಳಲಿ? ಕ್ಯಾಮೆರಾ ರಿಪೇರಿಯವರಿಗೆ ಕೇಳಿ

ನಮಸ್ಕಾರ. ಹುಬ್ಬಳ್ಳಿಯಲ್ಲಿ 22 ವರ್ಷದಿಂದ ವಿಡಿಯೋ ಕ್ಯಾಮೆರಾ ರಿಪೇರಿ ಮಾಡುತ್ತಿದ್ದೇನೆ. ಮನೆಯ ವಿಡಿಯೋಗೆ ಸಣ್ಣ ಕ್ಯಾಮ್‌ಕಾರ್ಡರ್ ನೋಡುತ್ತಿರುವವರು ಇಲ್ಲಿ ಕೇಳಿ. ನಿಮ್ಮ ಊರು ಮತ್ತು ಏನನ್ನು ತೆಗೆಯಬೇಕು ಅನ್ನೋದನ್ನು ತಪ್ಪದೆ ಬರೆಯಿರಿ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಉತ್ತರ ಕೊಡುತ್ತೇನೆ.

ದಾವಣಗೆರೆ: ಮಗಳಿಗೆ ಒಂದು ವರ್ಷ ತುಂಬುತ್ತಿದೆ. ಆನ್‌ಲೈನಿನಲ್ಲಿ 4ಕೆ, 48 ಮೆಗಾಪಿಕ್ಸೆಲ್, 18ಎಕ್ಸ್ ಝೂಮ್ ಅಂತ ಕೆಲವೇ ಸಾವಿರಕ್ಕೆ ಒಂದು ಕ್ಯಾಮ್‌ಕಾರ್ಡರ್ ಇದೆ. ತಗೋಬಹುದಾ ಸರ್?

ಉತ್ತರ: ಬೇಡ. ಅದು ಡಿಜಿಟಲ್ ಝೂಮ್. ಲೆನ್ಸ್ ಅಲುಗಾಡುವುದೇ ಇಲ್ಲ, ಇರುವ ಚಿತ್ರವನ್ನೇ ಕತ್ತರಿಸಿ ಹಿಗ್ಗಿಸುತ್ತದೆ. 4ಕೆ ಅನ್ನುವುದೂ ಹೆಚ್ಚಾಗಿ ಹೀಗೆ ಹಿಗ್ಗಿಸಿದ್ದೇ. ಪೆಟ್ಟಿಗೆಯ ಮೇಲೆ ಆಪ್ಟಿಕಲ್ ಝೂಮ್, ಅಂದರೆ ಲೆನ್ಸೇ ಚಲಿಸಿ ಮಾಡುವ ಝೂಮ್, ಎಷ್ಟು ಅಂತ ನೋಡಿ, ಬೇರೆ ಝೂಮ್ ಲೆಕ್ಕಕ್ಕೆ ಹಿಡಿಯಬೇಡಿ. ಸೋನಿಯ ಸಿಎಕ್ಸ್405ರಲ್ಲಿ 30ಎಕ್ಸ್ ಆಪ್ಟಿಕಲ್ ಇದೆ. ಸಣ್ಣದು, ಅಂಗೈಯಲ್ಲಿ ಕೂರುತ್ತದೆ. ಆದರೆ ಹೊರಗಿನ ಮೈಕ್ ಹಾಕಲು ಜಾಗ ಇಲ್ಲ. ಸಾಕಷ್ಟು ಜಾಸ್ತಿ ಖರ್ಚು ಮಾಡಬಹುದಾದರೆ ಸೋನಿಯದೇ ಎಎಕ್ಸ್43, 20ಎಕ್ಸ್ ಆಪ್ಟಿಕಲ್, ನಿಜವಾದ 4ಕೆ, ಮೈಕ್ ಹಾಕಬಹುದು, ನಡೆಯುತ್ತಾ ತೆಗೆದರೂ ಚಿತ್ರ ಅಷ್ಟಾಗಿ ನಡುಗುವುದಿಲ್ಲ. ಮಗು ತೊದಲುವ ಮಾತು ಕೇಳಬೇಕು ಅಂತಿದ್ದರೆ ಮೈಕ್‌ಗೆ ದುಡ್ಡು ಹಾಕಿ. ಇಪ್ಪತ್ತು ವರ್ಷದ ಹಿಂದಿನ ವಿಡಿಯೋ ತಂದುಕೊಡುವವರು ಚಿತ್ರ ಮಸುಕಾಗಿದೆ ಅಂತ ಅಳುವುದನ್ನು ನಾನು ನೋಡಿಲ್ಲ. ದನಿ ಕೇಳಿಸುತ್ತಿಲ್ಲ ಅಂತ ಅತ್ತಿದ್ದನ್ನು ನೋಡಿದ್ದೇನೆ.

ಬೆಂಗಳೂರು: ಈಗಿನ ಕಾಲದಲ್ಲಿ ಕ್ಯಾಮ್‌ಕಾರ್ಡರ್ ಯಾಕೆ? ಫೋನೇ ಸಾಕು. ಸುಮ್ನೆ ಜನರ ದುಡ್ಡು ಖರ್ಚು ಮಾಡಿಸ್ತಿದ್ದೀರಿ.

ಉತ್ತರ: ನಾನು ಕ್ಯಾಮೆರಾ ಮಾರುವುದಿಲ್ಲ, ರಿಪೇರಿ ಮಾಡುತ್ತೇನೆ. ಮಂದ ಬೆಳಕಿನಲ್ಲಿ ಒಳ್ಳೆಯ ಫೋನ್ ಚೆನ್ನಾಗಿ ತೆಗೆಯುತ್ತದೆ, ಒಪ್ಪುತ್ತೇನೆ. ಸಿಎಕ್ಸ್405ರಲ್ಲಿ ಬೆಳಕು ಹಿಡಿಯುವ ಸೆನ್ಸರ್ ತುಂಬಾ ಸಣ್ಣದು, 1/5.8 ಇಂಚು. ಆದರೆ ಶಾಲಾ ವಾರ್ಷಿಕೋತ್ಸವದಲ್ಲಿ ಹದಿನೈದನೇ ಸಾಲಿನಿಂದ ಮಗುವಿನ ಮುಖ ಬೇಕಾದರೆ ಫೋನ್ ಸಾಲದು. ಎರಡು ಗಂಟೆ ಸ್ಟ್ಯಾಂಡಿನ ಮೇಲೆ ಬಿಟ್ಟರೆ ಫೋನ್ ಬಿಸಿಯಾಗುತ್ತದೆ, ನಡುವೆ ಕರೆ ಬರುತ್ತದೆ, ಜಾಗ ತುಂಬುತ್ತದೆ.

ಮೈಸೂರು: ಬೆಂಗಳೂರಿನವರೇ, ಎಲ್ಲರ ಹತ್ತಿರ ಲಕ್ಷ ರೂಪಾಯಿ ಫೋನ್ ಇರಲ್ಲ ಕಣ್ರೀ.

ಬೆಂಗಳೂರು: ನಾನು ಲಕ್ಷದ ಫೋನ್ ಅಂದೆನಾ? ಓದೋಕೆ ಬರುತ್ತಾ?

ಮೈಸೂರು: ಬರುತ್ತೆ. ಫೋನಿನಲ್ಲಿ ತೆಗೆದು ವಾಟ್ಸ್ಯಾಪಿನಲ್ಲಿ ಕಳಿಸಿ, ಮೂಲ ಫೈಲ್ ಅಳಿಸಿ, ಆಮೇಲೆ ಮದುವೆ ವಿಡಿಯೋ ಮಸುಕಾಯ್ತು ಅಂತ ಹೋದ ತಿಂಗಳು ಇದೇ ಗುಂಪಿನಲ್ಲಿ ಗೋಳಾಡಿದ್ದು ನೀವೇ ಅಲ್ವಾ?

ಕ್ಯಾಲಿಫೋರ್ನಿಯಾ: ಸರ್, ಜಗಳದ ಮಧ್ಯೆ ಒಂದು ಪ್ರಶ್ನೆ. ಇಲ್ಲಿಂದ ಅಪ್ಪನಿಗೆ ಕ್ಯಾಮ್‌ಕಾರ್ಡರ್ ತರುತ್ತಿದ್ದೇನೆ. ಊರು ಗದಗ. ಅಲ್ಲಿ ಕೆಲಸ ಮಾಡುತ್ತಾ?

ಉತ್ತರ: ಮಾಡುತ್ತದೆ, ಒಂದು ತೊಂದರೆ ಇದೆ. ಅಲ್ಲಿನ ಮಾದರಿಗಳು ಸೆಕೆಂಡಿಗೆ 30 ಅಥವಾ 60 ಫ್ರೇಮ್ ತೆಗೆಯುತ್ತವೆ. ನಮ್ಮ ಕರೆಂಟ್ 50 ಹರ್ಟ್ಸ್. ಎರಡಕ್ಕೂ ಹೊಂದದೆ ಟ್ಯೂಬ್‌ಲೈಟ್ ಕೆಳಗೆ, ಕೆಲವು ಎಲ್‌ಇಡಿ ಕೆಳಗೆ ಚಿತ್ರ ಮಿಣುಕುತ್ತದೆ. ಶಟರ್ ವೇಗವನ್ನು ಕೈಯಲ್ಲಿ 1/50 ಅಥವಾ 1/100 ಸೆಕೆಂಡಿಗೆ ಇಡಲು ಬರುವ ಮಾದರಿಯಾದರೆ ತನ್ನಿ. ಬರದಿದ್ದರೆ ಇಲ್ಲೇ ಕೊಳ್ಳಿ.

ಹೊನ್ನಾವರ: ರಾತ್ರಿಯಿಡೀ ಯಕ್ಷಗಾನ ತೆಗೆಯಬೇಕು. ನಮ್ಮ ಭಾವ ವೇಷ ಹಾಕುತ್ತಾರೆ. ಎಷ್ಟು ಜಿಬಿ ಕಾರ್ಡ್ ಬೇಕು?

ಉತ್ತರ: 50 ಎಂಬಿಪಿಎಸ್‌ನಲ್ಲಿ, ಅಂದರೆ ಸೆಕೆಂಡಿಗೆ 50 ಮೆಗಾಬಿಟ್‌ನಂತೆ ತೆಗೆದರೆ ಗಂಟೆಗೆ ಸುಮಾರು 22 ಜಿಬಿ. ಎಂಟು ಗಂಟೆಗೆ 180 ಜಿಬಿ ಆಯಿತು. ಎವಿಸಿಎಚ್‌ಡಿ ಅನ್ನುವ ರೆಕಾರ್ಡಿಂಗ್ ಫಾರ್ಮ್ಯಾಟಿನಲ್ಲಿ 17 ಎಂಬಿಪಿಎಸ್ ಇಟ್ಟರೆ ಎಂಟು ಗಂಟೆಗೆ 60 ಜಿಬಿಯ ಆಸುಪಾಸು, ಮನೆಯಲ್ಲಿ ನೋಡಲು ಸಾಕು. ಎಕ್ಸ್‌ಪೋಷರ್ (ಕ್ಯಾಮೆರಾ ತೆಗೆದುಕೊಳ್ಳುವ ಬೆಳಕು) ಕೈಯಲ್ಲೇ ಸ್ವಲ್ಪ ಇಳಿಸಿ. ಹಿಂದೆ ಕತ್ತಲೆ, ಮುಂದೆ ಬೆಳಕು ಇದ್ದಾಗ ಆಟೋದಲ್ಲಿ ಬಿಟ್ಟರೆ ಮುಖದ ಬಣ್ಣ ಬೆಳ್ಳಗೆ ಹೊಡೆದುಹೋಗುತ್ತದೆ. ಪ್ಲಗ್‌ಗೆ ಹಾಕಿಕೊಂಡೇ ರೆಕಾರ್ಡ್ ಮಾಡಲು ಬರುತ್ತದಾ ಅಂತ ಅಂಗಡಿಯಲ್ಲೇ ಪರೀಕ್ಷಿಸಿ. ಕಾರ್ಡಿನಿಂದ ಕಂಪ್ಯೂಟರಿಗೆ ಹಾಕುವಾಗ ಒಂದೊಂದೇ ಫೈಲ್ ಆರಿಸಬೇಡಿ, ಇಡೀ ಫೋಲ್ಡರ್ ನಕಲು ಮಾಡಿ. ಉದ್ದದ ರೆಕಾರ್ಡಿಂಗ್ ತುಂಡುತುಂಡಾಗಿ ಉಳಿದಿರುತ್ತದೆ, ಒಂದು ತುಂಡು ಬಿಟ್ಟರೂ ಕಥೆ ನಡುವೆ ಕಡಿಯುತ್ತದೆ.

ಬಳ್ಳಾರಿ: ಬೆಸ್ಟ್ ಕ್ಯಾಮ್‌ಕಾರ್ಡರ್ ಯಾವುದು ಸರ್?

ಉತ್ತರ: ಏನನ್ನು ತೆಗೆಯಲು?

ತೀರ್ಥಹಳ್ಳಿ: ಸರ್, ನಮ್ಮ ಅಮ್ಮ 2011ರಲ್ಲಿ ತೀರಿಕೊಂಡರು. ಅವರು ಮಾತಾಡಿರುವ, ಹಾಡಿರುವ 14 ಮಿನಿಡಿವಿ ಕ್ಯಾಸೆಟ್ ಇವೆ. 2004ರಿಂದ 2008ರವರೆಗಿನವು. ನಮ್ಮ ಹಳೆಯ ಕ್ಯಾಮೆರಾ ಆನ್ ಆಗಲ್ಲ. ಅದಕ್ಕೆ ಸೆಕೆಂಡ್ ಹ್ಯಾಂಡ್ ಒಂದು ತಗೊಂಡೆ. ಮೊದಲ ಕ್ಯಾಸೆಟ್ ಹಾಕಿದಾಗ ಎರಡು ನಿಮಿಷ ಬಂತು, ಆಮೇಲೆ ಚೌಕ ಚೌಕ ಆಗಿ ನಿಂತುಹೋಯಿತು. ಕ್ಯಾಸೆಟ್ ಹೊರಗೆ ಬಂದಿದೆ. ಕಿಟಕಿಯಲ್ಲಿ ನೋಡಿದರೆ ಟೇಪಿನ ಅಂಚಿಗೆ ಬಿಳಿ ಪುಡಿ ಥರ ಇದೆ. ಬೇರೆ ಯಾವ ಕ್ಯಾಮ್‌ಕಾರ್ಡರ್ ಕೊಳ್ಳಲಿ?

ಉತ್ತರ: ಇನ್ನೊಂದು ಕ್ಯಾಸೆಟ್ ಹಾಕಬೇಡಿ. ಆ ಕ್ಯಾಮೆರಾಗೂ ಬೇಡ, ಬೇರೆ ಯಾವುದಕ್ಕೂ ಬೇಡ. ಉಳಿದದ್ದನ್ನು ಆಮೇಲೆ ಓದಿದರೂ ಸರಿ.

ಆ ಪುಡಿ ಬೂಷ್ಟು. ನಿಮ್ಮ ಕಡೆಯಿಂದ, ಸಾಗರ, ಸಿರ್ಸಿ ಕಡೆಯಿಂದ ಬರುವ ಕ್ಯಾಸೆಟ್‌ಗಳಲ್ಲಿ ನಾನು ಪ್ರತಿ ವರ್ಷ ಇದನ್ನೇ ನೋಡುತ್ತೇನೆ. ಮಳೆಗಾಲದ ತೇವ ಬೀರುವಿನೊಳಗೆ ಹೊಕ್ಕರೆ ಹೊರಗೆ ಹೋಗುವುದಿಲ್ಲ. ಬೂಷ್ಟು ಟೇಪಿನ ಸುರುಳಿಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಆ ಟೇಪ್ ಕೂದಲಿಗಿಂತ ಎಷ್ಟೋ ತೆಳು, ಅಗಲ ಕಾಲು ಇಂಚು. ಅದರ ಮೇಲೆ ರೆಕಾರ್ಡ್ ಆಗಿರುವ ಒಂದೊಂದು ಗೆರೆಯ ಅಗಲ ಮಿಲಿಮೀಟರಿನ ನೂರನೇ ಒಂದು ಭಾಗ. ಅದನ್ನು ಓದುವ ಹೆಡ್ ಒಂದು ಪುಟ್ಟ ಡ್ರಮ್ಮಿನ ಮೇಲಿರುತ್ತದೆ, ಆ ಡ್ರಮ್ ನಿಮಿಷಕ್ಕೆ 9000 ಸುತ್ತು ತಿರುಗುತ್ತದೆ. ಅಂಟಿಕೊಂಡ ಟೇಪನ್ನು ಅಂಥದ್ದರ ಮೇಲೆ ಎಳೆದರೆ ಹರಿಯುತ್ತದೆ. ಹರಿಯದಿದ್ದರೂ ಪುಡಿ ಹೆಡ್ಡಿಗೆ ಮೆತ್ತಿ ಮುಂದಿನ ಕ್ಯಾಸೆಟ್‌ಗೆ ಹತ್ತುತ್ತದೆ. ನಿಮಗೆ ಚೌಕ ಚೌಕ ಬಂದದ್ದು ಹೆಡ್ ಕಟ್ಟಿಕೊಂಡದ್ದರಿಂದ ಇರಬೇಕು. ಹಾಗಾದರೆ ರೆಕಾರ್ಡಿಂಗ್ ಇನ್ನೂ ಟೇಪಿನಲ್ಲೇ ಇದೆ. ಹೆದರಬೇಡಿ, ಆದರೆ ಕೈಕಟ್ಟಿ ಕೂತಿರಿ.

ಈಗ ಮಾಡಬೇಕಾದ್ದು ಇಷ್ಟು. ಮೂಗಿಗೆ ಬಟ್ಟೆ ಕಟ್ಟಿಕೊಂಡು 14 ಕ್ಯಾಸೆಟ್‌ಗಳನ್ನೂ ನೋಡಿ. ಪುಡಿ ಕಂಡವನ್ನೂ ಕಾಣದವನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಇಡಿ. ಬಿಗಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ. ಬಣ್ಣ ಬದಲಾಗುವ ಜೆಲ್ ತಗೊಳ್ಳಿ, ನೀಲಿ ಹೋಗಿ ಗುಲಾಬಿ ಆದರೆ ಬದಲಿಸಿ. ಮುಂದಕ್ಕೆ, ಹಿಂದಕ್ಕೆ ಸುತ್ತಲೂ ಹೋಗಬೇಡಿ. ಬೂಷ್ಟು ತೆಗೆಯಲು ಕ್ಯಾಸೆಟ್ ಬಿಚ್ಚಿ, ಟೇಪಿನ ಸುರುಳಿಗಳನ್ನು ಹೊಸ ಕವಚಕ್ಕೆ ಹಾಕಿ, ನಿಧಾನಕ್ಕೆ ಒರೆಸಬೇಕು. ಇದನ್ನು ಮೊದಲೇ ಮಾಡಿ ಗೊತ್ತಿರುವವರಿಗೆ ಕೊಡಿ. ಕೊಡುವ ಮೊದಲು ಬೂಷ್ಟು ಇದೆ ಅಂತ ಬಾಯಿಬಿಟ್ಟು ಹೇಳಿ.

ನಿಮ್ಮ ಹಳೆಯ ಕ್ಯಾಮೆರಾ ಎಸೆಯಬೇಡಿ. ಎಲ್‌ಪಿ ಮೋಡ್‌ನಲ್ಲಿ (ಒಂದೇ ಕ್ಯಾಸೆಟ್‌ನಲ್ಲಿ ಜಾಸ್ತಿ ಹೊತ್ತು ಹಿಡಿಸುವ ಮೋಡ್) ತೆಗೆದಿದ್ದರೆ ತೆಗೆದ ಕ್ಯಾಮೆರಾದಲ್ಲೇ ಅದು ಚೆನ್ನಾಗಿ ಓಡುತ್ತದೆ. ಟೇಪ್ ಸ್ವಚ್ಛವಾದ ಮೇಲೆ ಫೈರ್‌ವೈರ್ ಅನ್ನುವ ಡಿಜಿಟಲ್ ವೈರಿನಿಂದಲೇ ಕಂಪ್ಯೂಟರಿಗೆ ಇಳಿಸಲು ಹೇಳಿ. ಟೇಪಿನಲ್ಲಿ ಇದ್ದದ್ದು ಇದ್ದಂತೆ ಬರುತ್ತದೆ, ಗಂಟೆಗೆ ಸುಮಾರು 13 ಜಿಬಿ. ಹಳದಿ, ಕೆಂಪು, ಬಿಳಿ ವೈರಿನಿಂದ ಇಳಿಸಿದರೆ ಗುಣಮಟ್ಟ ಇಳಿಯುತ್ತದೆ.

ಮಂಗಳೂರು: ಫಾರ್ವರ್ಡ್ ಬಂದಿದೆ, ಎಲ್ಲರಿಗೂ ಉಪಯೋಗ ಆಗಬಹುದು: "ಕ್ಯಾಸೆಟ್ ಫಂಗಸ್‌ಗೆ ಒಂದು ದಿನ ಬಿಸಿಲು, ಒಂದು ರಾತ್ರಿ ಫ್ರೀಜರ್. ಲೆನ್ಸ್ ಫಂಗಸ್‌ಗೆ ಅಕ್ಕಿ ಡಬ್ಬ ಮತ್ತು ನುಸಿಗುಳಿಗೆ. ಹೆಡ್ ಕ್ಲೀನ್ ಮಾಡಲು ಹತ್ತಿಗೆ ಸೆಂಟ್ ಹಾಕಿ ಒರೆಸಿ."

ಉತ್ತರ: ದಯವಿಟ್ಟು ಅಳಿಸಿ. ಬಿಸಿಲಿಗೆ ಕ್ಯಾಸೆಟ್ ಸೊಟ್ಟಗಾಗುತ್ತದೆ. ಫ್ರೀಜರಿನಿಂದ ತೆಗೆದ ಕೂಡಲೇ ಮಂಗಳೂರಿನ ಗಾಳಿಗೆ ಟೇಪಿನ ಮೇಲೆ ನೀರು ಕಟ್ಟುತ್ತದೆ. ಅಕ್ಕಿಯ ಧೂಳು ಕ್ಯಾಮೆರಾ ಒಳಗೆ ಹೋಗುತ್ತದೆ. ನುಸಿಗುಳಿಗೆಯ ಆವಿ ಲೆನ್ಸ್ ಮೇಲೆ ಕೂರುತ್ತದೆ. ಹತ್ತಿಯ ಎಳೆ ಹೆಡ್ಡಿನ ತುದಿಗೆ ಸಿಕ್ಕಿ ಹೆಡ್ ಮುರಿಯುತ್ತದೆ. ಹೀಗೆ ಮುರಿದುಕೊಂಡು ಬಂದವು ನನ್ನ ಮೇಜಿನ ಮೇಲೆ ಈಗಲೂ ಎರಡು ಇವೆ.

ಮಂಗಳೂರು: ನಮ್ಮ ಮಾವ ಅಕ್ಕಿಯಲ್ಲಿಟ್ಟು ಸರಿ ಮಾಡಿದ್ದಾರೆ ಸರ್. ಅನುಭವಕ್ಕೆ ಬೆಲೆ ಇಲ್ವಾ?

ಉತ್ತರ: ಅಳಿಸಿ ಅಂದೆ.

ಕಲಬುರಗಿ: ಮಿನಿಡಿವಿ ಕ್ಯಾಮೆರಾದ ಫೈರ್‌ವೈರ್ ತೂತಿಗೆ ಯುಎಸ್‌ಬಿ ಸಣ್ಣ ಅಡಾಪ್ಟರ್ ಸಿಗುತ್ತಲ್ಲ, ಅಗ್ಗದ್ದು. ಅದು ಆಗುತ್ತಾ?

ಉತ್ತರ: ಆಗಲ್ಲ. ಫೈರ್‌ವೈರ್ ಬೇರೆ, ಯುಎಸ್‌ಬಿ ಬೇರೆ. ಬರೀ ತಂತಿ ಜೋಡಿಸಿದರೆ ಒಂದರ ಭಾಷೆ ಇನ್ನೊಂದಕ್ಕೆ ತಿಳಿಯುವುದಿಲ್ಲ. ಫೈರ್‌ವೈರ್ ಕಾರ್ಡ್ ಇರುವ ಹಳೆಯ ಕಂಪ್ಯೂಟರ್ ಹುಡುಕಿ.

ಬೆಂಗಳೂರು: ನೋಡಿ, ಇಷ್ಟೆಲ್ಲ ತಾಪತ್ರಯ. ಫೋನಿನಲ್ಲಿ ತೆಗೆದು ಕ್ಲೌಡ್‌ಗೆ ಹಾಕಿದರೆ ಮುಗೀತು ಅಂದೆ ಆಗಲೇ.

ಮೈಸೂರು: ಅವರ ಅಮ್ಮನ ವಿಷಯ ನಡೀತಿದೆ. ಸ್ವಲ್ಪ ಸುಮ್ನಿರ್ತೀರಾ?

ಬೆಂಗಳೂರು: ನನಗೆ ಹೇಳೋಕೆ ನೀವ್ಯಾರು? ಅಡ್ಮಿನ್ನಾ?

ರಾಯಚೂರು: 256 ಜಿಬಿ ಕಾರ್ಡ್ ಅಗ್ಗಕ್ಕೆ ತಗೊಂಡೆ, ಅರ್ಧದ ಮೇಲೆ ಫೈಲ್ ಓಪನ್ ಆಗ್ತಿಲ್ಲ.

ಉತ್ತರ: ನಕಲಿ ಕಾರ್ಡ್ ಇರಬೇಕು. ಎಚ್2ಟೆಸ್ಟ್‌ಡಬ್ಲ್ಯೂ ಅನ್ನುವ ಉಚಿತ ಪ್ರೋಗ್ರಾಂನಲ್ಲಿ ಪರೀಕ್ಷಿಸಿ. ಅದು ಕಾರ್ಡ್ ಪೂರ್ತಿ ತುಂಬಿಸಿ, ಓದಿ ನೋಡುತ್ತದೆ. ಹೊಸ ಕಾರ್ಡ್ ಯಾವುದೇ ಇರಲಿ, ಸಮಾರಂಭಕ್ಕೆ ಮೊದಲು ಎಲ್ಲರೂ ಇದನ್ನು ಮಾಡಿ.

ಬಳ್ಳಾರಿ: ಮನೆಗೆ ಸರ್. ಬೆಸ್ಟ್ ಯಾವುದು?

ಉತ್ತರ: ಮೊದಲನೇ ಉತ್ತರ ಓದಿ.

ತುಮಕೂರು: ಅದೇ 48 ಮೆಗಾಪಿಕ್ಸೆಲ್‌ದು ಆಫರ್‌ನಲ್ಲಿದೆ, ತಗೊಳ್ಳಲಾ?

ಉತ್ತರ: ಮೊದಲನೇ ಉತ್ತರ.

ಉಡುಪಿ: ಸಮುದ್ರದ ಹತ್ತಿರ ಮನೆ. ವಾಟರ್‌ಪ್ರೂಫ್ ಕವರ್ ಒಳಗಿಟ್ಟರೆ ಉಪ್ಪುಗಾಳಿ ತಡೆಯುತ್ತಾ?

ಬೆಳಗಾವಿ: ಡ್ರೋನ್ ಬಗ್ಗೆಯೂ ಹೇಳಿ ಸರ್.

ತೀರ್ಥಹಳ್ಳಿ: ಸರ್, ನಿಮ್ಮ ಉತ್ತರ ನೋಡುವಷ್ಟರಲ್ಲಿ ನಮ್ಮ ತಮ್ಮ ಆ ಫಾರ್ವರ್ಡ್ ಓದಿ ನಾಲ್ಕು ಕ್ಯಾಸೆಟ್ ಅಂಗಳದಲ್ಲಿ ಇಟ್ಟಿದ್ದ. ಅರ್ಧ ಗಂಟೆ ಆಗಿರಬಹುದು. ಹಾಳಾಯ್ತಾ?

ಉತ್ತರ: ಅರ್ಧ ಗಂಟೆಗೆ ಹಾಳಾಗಿರಲಿಕ್ಕಿಲ್ಲ. ಒಳಗೆ ನೆರಳಿನಲ್ಲಿ ತಾನಾಗಿಯೇ ತಣ್ಣಗಾಗಲಿ, ಫ್ಯಾನ್ ಹಾಕಬೇಡಿ, ಪುಡಿ ಹಾರುತ್ತದೆ. ಆಮೇಲೆ ಡಬ್ಬಿಗೆ ಹಾಕಿ.

ಮಂಗಳೂರಿನವರು ಇನ್ನೂ ಆ ಸಂದೇಶ ಅಳಿಸಿಲ್ಲ. ಅಡ್ಮಿನ್, ನೀವಾದರೂ ತೆಗೆಯಿರಿ.

ಮಂಗಳೂರು: ಅಳಿಸಿದೆ. ಒಳ್ಳೆಯದಾಗಲಿ ಅಂತ ಹಾಕಿದ್ದು, ಇಷ್ಟು ಒರಟಾಗಿ ಹೇಳಬೇಕಿರಲಿಲ್ಲ.

ತೀರ್ಥಹಳ್ಳಿ: ಶಿವಮೊಗ್ಗದಲ್ಲಿ ಒಬ್ಬರು ಮಾಡುತ್ತಾರಂತೆ. ಅಮ್ಮ ಹಾಡಿರುವ ಕ್ಯಾಸೆಟ್ ಯಾವುದು ಅಂತ ಗೊತ್ತು, ಮೇಲೆ ಅವರದೇ ಅಕ್ಷರ ಇದೆ. ಅದನ್ನೇ ಮೊದಲು ಕೊಡಲಾ?

ಉತ್ತರ: ಅದನ್ನು ಮೊದಲು ಕೊಡಬೇಡಿ. ಪುಡಿ ಇರುವುದರಲ್ಲೇ, ಹೋದರೂ ಪರವಾಗಿಲ್ಲ ಅನ್ನಿಸುವ ಒಂದನ್ನು ಕೊಡಿ. ಅದು ಪೂರ್ತಿ ಓಡಿದ ಫೈಲನ್ನು ನೀವೇ ಕೂತು ಕೊನೆಯವರೆಗೆ ನೋಡಿ. ಆಮೇಲೆ ಉಳಿದವು, ಹಾಡಿನದು ಎಲ್ಲಕ್ಕಿಂತ ಕೊನೆಗೆ. ಆ ಕ್ಯಾಸೆಟ್‌ನ ರೆಕಾರ್ಡ್ ತಡೆಯುವ ಸಣ್ಣ ಗುಂಡಿಯನ್ನು ಸೇವ್ ಕಡೆಗೆ ಸರಿಸಿ ಕೊಡಿ, ಯಾರೂ ತಪ್ಪಿ ಅದರ ಮೇಲೆ ರೆಕಾರ್ಡ್ ಮಾಡಬಾರದು. ಕವಚ ಬದಲಿಸುವಾಗ ಅಮ್ಮನ ಅಕ್ಷರದ ಚೀಟಿಯನ್ನು ಮರಳಿ ಕೇಳಿ ಪಡೆಯಿರಿ.