ಕ್ಯಾಮೆರಾ ಮುಂದೆ ‘ಹೂಂ’ ಅಂದಿದ್ದಾರೆ, ಸಹಿ ಮಾತ್ರ ಇಲ್ಲ. ಈಗೇನು ಮಾಡ್ಲಿ?

ಅರ್ಧಫ್ರೇಮ್ ಕೇಳಿದ್ದು:

ಮೊದಲ ಸಲ ಒಂದು ಸಾಕ್ಷ್ಯಚಿತ್ರ ಮಾಡಿದ್ದೇನೆ. 24 ನಿಮಿಷ. ಗಡಿಯಾರ ರಿಪೇರಿ ಮಾಡುವ ಒಬ್ಬ ಅಜ್ಜನ ಬಗ್ಗೆ. ಎಂಟು ದಿನ ಅವರ ಅಂಗಡಿಯಲ್ಲೇ ಕೂತು ಶೂಟ್ ಮಾಡಿದೆ. ಕ್ಯಾಮೆರಾ, ಮೈಕು, ಎಡಿಟಿಂಗ್ ಎಲ್ಲಾ ನಾನೇ. ಬ್ಯಾಟರಿ ಮರೆಯಲಿಲ್ಲ, ಕಾರ್ಡ್ ಬ್ಯಾಕಪ್ ಮರೆಯಲಿಲ್ಲ, ಸಹಿ ತಗೊಳ್ಳೋದು ಮರೆತೆ. ಮರೆತೆ ಅನ್ನೋದೂ ಪೂರ್ತಿ ನಿಜ ಅಲ್ಲ. ಮೊದಲ ದಿನ ಒಪ್ಪಿಗೆ ಫಾರ್ಮ್ ಬ್ಯಾಗಲ್ಲೇ ಇತ್ತು. ಅವರು ತಾವು ಕೂತಿದ್ದ ಸ್ಟೂಲನ್ನೇ ನನ್ನ ಕಡೆ ತಳ್ಳಿ ‘ಕೂತ್ಕೋ’ ಅಂದರು. ಆಮೇಲೆ ಕಾಗದ ತೆಗೆಯೋಕೆ ಮನಸ್ಸೇ ಬರಲಿಲ್ಲ.

ಈಗ ಚಿತ್ರ ಒಂದು ಚಿತ್ರೋತ್ಸವಕ್ಕೆ ಆಯ್ಕೆಯಾಗಿದೆ. ಅದರಲ್ಲಿ ಕಾಣುವ ಎಲ್ಲರ ಒಪ್ಪಿಗೆ ನನ್ನ ಹತ್ತಿರ ಇದೆ ಅಂತ ಬರೆದುಕೊಡಬೇಕು. ಇರೋದು ಇಷ್ಟೇ: ಮೊದಲ ದಿನದ ಫೂಟೇಜ್‌ನಲ್ಲಿ ‘ಇದನ್ನ ಎಲ್ಲರಿಗೂ ತೋರಿಸ್ತೀನಿ, ಆಗಬಹುದಾ ಅಜ್ಜ?’ ಅಂತ ಕೇಳಿದ್ದೇನೆ. ಅವರು ಚಿಮ್ಮಟದಲ್ಲಿ ಸ್ಪ್ರಿಂಗ್ ಹಿಡಿದುಕೊಂಡು, ತಲೆ ಎತ್ತದೆ, ‘ಹೂಂ, ತೋರ್ಸಪ್ಪ’ ಅಂದಿದ್ದಾರೆ. ಸಾಕಾ ಇದು?

ಇನ್ನೂ ಎರಡು ತಲೆನೋವು. ಪಕ್ಕದ ಮನೆಯ ಹುಡುಗನೊಬ್ಬ ಮೂರು ಶಾಟ್‌ನಲ್ಲಿ ಇದ್ದಾನೆ, ಒಂಬತ್ತು ವರ್ಷ ಇರಬಹುದು. ಮತ್ತೆ, ಆರನೇ ದಿನ ಅಜ್ಜ ತಮ್ಮನ ಜೊತೆ ಮಾತು ಬಿಟ್ಟ ಕಥೆ ಹೇಳಿದರು, ಹೆಸರು ಹಿಡಿದು. ಚಿತ್ರದ ಜೀವವೇ ಅದು. ಅಜ್ಜನ ಮಗಳು ಫೋನ್ ಮಾಡಿ ಅದನ್ನು ತೆಗೀರಿ ಅಂತಿದ್ದಾರೆ.

ಕತ್ತರಿಕೈ:

ಆ ‘ಹೂಂ’ ಇರುವ ಫೈಲನ್ನು ಮೊದಲು ಎರಡು ಕಡೆ ಕಾಪಿ ಮಾಡಿಡಿ. ಏನೂ ಇಲ್ಲದಿರುವುದಕ್ಕಿಂತ ಅದು ಎಷ್ಟೋ ವಾಸಿ. ಆದರೆ ಅವರು ಒಪ್ಪಿದ್ದು ಯಾವುದಕ್ಕೆ ಅಂತ ಅದರಲ್ಲಿ ಇಲ್ಲ. ಟಿವಿಗಾ, ಇಂಟರ್‌ನೆಟ್‌ಗಾ, ಟ್ರೇಲರ್‌ಗಾ? ನಾಳೆ ಯಾವುದಾದರೂ ಚಾನೆಲ್ ಚಿತ್ರ ಕೊಳ್ಳೋಕೆ ಬಂದರೆ ಮೊದಲು ಕೇಳೋದೇ ರಿಲೀಸ್ ಫಾರ್ಮ್, ಅಂದರೆ ಸಹಿ ಹಾಕಿದ ಆ ಒಪ್ಪಿಗೆ ಪತ್ರ. ಮುಂದೆ ಯಾರಾದರೂ ಕೇಸ್ ಹಾಕಿದರೆ ಅಂತ ಮಾಡಿಸೋ ವಿಮೆಯವರು ಕಾಗದ ನೋಡದೆ ಮುಂದೆ ಹೋಗಲ್ಲ. ಅಜ್ಜ ಇದ್ದಾರಲ್ವಾ? ಹೋಗಿ ಸಹಿ ಮಾಡಿಸಿಕೊಳ್ಳಿ.

ಫೈಲ್ ಹಿಡಿದವಳು:

ಸುಮಾರು ವರ್ಷ ಪ್ರೊಡಕ್ಷನ್ ಅಸಿಸ್ಟೆಂಟ್ ಆಗಿದ್ದೆ. ನನ್ನ ಕೆಲಸವೇ ಸಹಿ ಹಾಕಿಸೋದು. ಶೂಟಿಂಗ್‌ನಲ್ಲಿ ಎಲ್ಲರೂ ನನ್ನನ್ನು ನೋಡಿ ಓಡಿಹೋಗೋರು.

ಒಂದು ಸಲ 43 ಜನರ ಸಹಿ ತಂದೆ, ಎಲ್ಲಾ ನೀಟಾಗಿ ಫೈಲ್ ಮಾಡಿದೆ. ಎಡಿಟರ್ ಒಂದು ಫ್ರೇಮ್ ನಿಲ್ಲಿಸಿ ‘ಈ ಹಸಿರು ಶರ್ಟಿನವರ ಫಾರ್ಮ್ ಯಾವುದು?’ ಅಂದರು. ನಾನು ಬಾಯಿ ಬಿಟ್ಟುಕೊಂಡು ನಿಂತೆ. ಹೆಸರಿದೆ, ಮುಖ ಇಲ್ಲ! ಅವತ್ತಿಂದ ಪ್ರತಿಯೊಬ್ಬರೂ ಸಹಿ ಹಾಕಿದ ಫಾರ್ಮನ್ನು ಎದೆಯ ಹತ್ತಿರ ಹಿಡಿದು ನಿಂತಾಗ ಮೊಬೈಲಲ್ಲಿ ಒಂದು ಫೋಟೋ ತೆಗೀತೀನಿ. ಹತ್ತು ಸೆಕೆಂಡಿನ ಕೆಲಸ. ಫಾರ್ಮಿನ ಮೇಲೆ ತಾರೀಖು, ಶೂಟ್ ಮಾಡಿದ ಜಾಗ, ಕ್ಯಾಮೆರಾದ ಮೆಮೊರಿ ಕಾರ್ಡ್ ನಂಬರ್.

ಮಗುವಿನ ಸಹಿ ಲೆಕ್ಕಕ್ಕಿಲ್ಲ. ಅಪ್ಪನೋ ಅಮ್ಮನೋ ಹಾಕಬೇಕು. ಪಕ್ಕದಲ್ಲಿದ್ದ ಚಿಕ್ಕಪ್ಪ ಹಾಕಿದರೆ ನಡೆಯಲ್ಲ, ನಾನು ಆ ತಪ್ಪನ್ನೂ ಮಾಡಿದ್ದೀನಿ. ಓದೋಕೆ ಬಾರದವರಿಗೆ ಪೂರ್ತಿ ಓದಿ ಹೇಳಿ, ಓದಿದ್ದನ್ನೇ ರೆಕಾರ್ಡ್ ಮಾಡಿ, ನಿಮ್ಮ ತಂಡಕ್ಕೆ ಸೇರದ ಒಬ್ಬರನ್ನು ಸಾಕ್ಷಿ ಇಟ್ಟುಕೊಂಡು ಹೆಬ್ಬೆಟ್ಟು ತಗೊಳ್ಳಿ. ಜನಜಂಗುಳಿ ಇದ್ದರೆ ‘ಇಲ್ಲಿ ಚಿತ್ರೀಕರಣ ನಡೆಯುತ್ತಿದೆ’ ಅಂತ ಬೋರ್ಡ್ ಹಾಕಿ, ಆ ಬೋರ್ಡನ್ನೂ ಶೂಟ್ ಮಾಡಿಟ್ಟುಕೊಳ್ಳಿ. ಅದು ಹಿಂದೆ ಓಡಾಡೋರಿಗೆ ಮಾತ್ರ, ಮಾತಾಡಿದವರಿಗೆ ಅಲ್ಲ.

ಇನ್ನು ಯಾವಾಗ ಸಹಿ ಅನ್ನೋದು. ತುಂಬಾ ಜನ ಶುರುವಿನಲ್ಲೇ ಹಾಕಿಸ್ತಾರೆ, ಆಮೇಲೆ ಮನಸ್ಸು ಬದಲಾದರೆ ಅಂತ ಭಯ. ನನಗೆ ಅದು ಸರಿ ಕಾಣಲ್ಲ. ತಾನು ಏನು ಹೇಳ್ತೀನಿ ಅಂತ ಗೊತ್ತಿಲ್ಲದೆ ಒಪ್ಪೋದು ಎಂಥ ಒಪ್ಪಿಗೆ? ಶುರುವಿನಲ್ಲಿ ಫಾರ್ಮ್ ಕೊಟ್ಟು ಓದೋಕೆ ಬಿಡ್ತೀನಿ, ಮಾತು ಮುಗಿದ ಮೇಲೆ ಸಹಿ. ಎರಡೇ ಸಲ ಕೈಕೊಟ್ಟಿದೆ.

ತಮ್ಮನ ವಿಷಯ: ಮಗಳು ಬೇಡ ಅಂದರೆ ಅದು ಮಗಳ ಮಾತು. ಅಜ್ಜನನ್ನು ಕೇಳಿದ್ರಾ?

ನಡುಗೋಡೆ:

ಫೈಲ್ ಹಿಡಿದವರ ಮಾತಿಗೆ ಒಂದು ಸೇರಿಸ್ತೀನಿ. ಯಾರ ಸಹಿ ಅನ್ನೋದೂ ಮುಖ್ಯ. ಫ್ರೆಡರಿಕ್ ವೈಸ್‌ಮನ್ ಅವರ ‘ಟಿಟಿಕಟ್ ಫಾಲೀಸ್’ ಸಾಕ್ಷ್ಯಚಿತ್ರ 1967ರದ್ದು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ, ಮಾನಸಿಕ ಕಾಯಿಲೆ ಇದ್ದ ಕೈದಿಗಳನ್ನು ಇಟ್ಟಿದ್ದ ಸರ್ಕಾರಿ ಆಸ್ಪತ್ರೆಯೊಳಗೆ ತೆಗೆದದ್ದು. ಅಧಿಕಾರಿಗಳ ಅನುಮತಿ ಇತ್ತು. ಆದರೂ ಒಳಗಿದ್ದವರ ಖಾಸಗಿತನಕ್ಕೆ ಧಕ್ಕೆ ಅಂತ ಕೋರ್ಟ್ ತಡೆ ಹಾಕಿತು. ಆಮೇಲೆ ವೈದ್ಯರು, ವಕೀಲರಂಥವರು ಮಾತ್ರ ನೋಡಬಹುದು ಅಂತಾಯ್ತು. ಸಾಮಾನ್ಯ ಜನರಿಗೆ ತೋರಿಸೋಕೆ ಒಪ್ಪಿಗೆ ಸಿಕ್ಕಿದ್ದು 1991ರಲ್ಲಿ! ಬೀಗದ ಕೈ ಇದ್ದವರು ಹೂಂ ಅಂದರೆ ಒಳಗಿದ್ದವರೂ ಹೂಂ ಅಂದಹಾಗಲ್ಲ.

ಚಿತ್ರೋತ್ಸವ ಯುರೋಪಿನಲ್ಲಾದರೆ 2018ರಲ್ಲಿ ಜಾರಿಗೆ ಬಂದ ಅವರ ವೈಯಕ್ತಿಕ ಮಾಹಿತಿ ರಕ್ಷಣೆಯ ನಿಯಮವನ್ನೂ (ಜಿಡಿಪಿಆರ್) ಒಮ್ಮೆ ನೋಡಿಕೊಳ್ಳಿ. ಒಪ್ಪಿಗೆ ಕೊಡೋದು ಎಷ್ಟು ಸುಲಭವೋ ವಾಪಸ್ ತಗೊಳ್ಳೋದೂ ಅಷ್ಟೇ ಸುಲಭ ಇರಬೇಕು ಅನ್ನುತ್ತೆ ಅದು. ಕಲೆಗೆ, ಪತ್ರಿಕೋದ್ಯಮಕ್ಕೆ ವಿನಾಯಿತಿ ಇದೆ, ಆದರೆ ದೇಶದಿಂದ ದೇಶಕ್ಕೆ ಬೇರೆ ಬೇರೆ. ವಕೀಲರಿಗೆ ಒಮ್ಮೆ ತೋರಿಸಿ.

ಅಂದಹಾಗೆ, ಅಂಗಡಿ ಗೋಡೆ ಮೇಲೆ ಫೋಟೋಗಳು ಇವೆಯಾ? ಅವಕ್ಕೂ ಒಪ್ಪಿಗೆ ಬೇಕಾಗಬಹುದು.

ಅರ್ಧಫ್ರೇಮ್:

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಲ್ಯಾಪ್‌ಟಾಪ್, ಎರಡು ಪ್ರತಿ ಫಾರ್ಮ್ ಹಿಡಿದು ಹೋಗಿದ್ದೆ.

ಮೊದಲು ಚಿತ್ರ ತೋರಿಸಿದೆ. ತಮ್ಮನ ಮಾತು ಬಂದಾಗ ಅಜ್ಜ ‘ಇನ್ನೊಂದ್ಸಲ ಹಾಕು’ ಅಂದರು. ಮೂರು ಸಲ ಹಾಕಿಸಿ ನೋಡಿದರು. ಮಗಳು ಎದ್ದು ಒಳಗೆ ಹೋದರು. ಆಮೇಲೆ ಅಜ್ಜ ಕಣ್ಣಿಗೆ ಆ ರಿಪೇರಿ ಭೂತಗನ್ನಡಿ ಸಿಕ್ಕಿಸಿಕೊಂಡು ಫಾರ್ಮ್ ಓದಿದರು, ಒಂದೊಂದೇ ಅಕ್ಷರ, ಹಲ್ಲು ಮುರಿದ ಚಕ್ರ ಹುಡುಕೋ ಥರ. ‘ಯಾವುದೇ ಮಾಧ್ಯಮದಲ್ಲಿ, ಶಾಶ್ವತವಾಗಿ’ ಅನ್ನೋ ಕಡೆ ನಿಂತರು.

‘ಶಾಶ್ವತ ಅಂದ್ರೆ ಎಷ್ಟು ವರ್ಷ?’

ನನಗೆ ಉತ್ತರ ಹೊಳೆಯಲಿಲ್ಲ. ‘ನಾನು ಹೋದ ಮೇಲೂನಾ?’ ಅಂದರು. ಹೌದು ಅಂದೆ. ನಕ್ಕರು. ಕೆಳಗೆ ಖಾಲಿ ಜಾಗದಲ್ಲಿ ತಾವೇ ‘ಜಗಳ ಇರಲಿ. ತಮ್ಮನ ಹೆಸರು ಬೇಡ’ ಅಂತ ಬರೆದು, ಅದರ ಕೆಳಗೆ ಸಹಿ ಹಾಕಿದರು. ಎರಡೂ ಪ್ರತಿಯಲ್ಲಿ. ಒಂದನ್ನು ಮಡಿಸಿ ಬಿಡಿಭಾಗದ ಡ್ರಾಯರ್‌ಗೆ ಹಾಕಿಕೊಂಡರು. ಎದೆಯ ಹತ್ತಿರ ಫಾರ್ಮ್ ಹಿಡಿಸಿ ಫೋಟೋನೂ ತೆಗೆದೆ, ಫೈಲ್ ಹಿಡಿದವರೇ.

ಹುಡುಗನ ಅಮ್ಮ ಎರಡು ಶಾಟ್‌ಗೆ ಒಪ್ಪಿದರು. ಮೂರನೆಯದರಲ್ಲಿ ಅವನು ಮೂಗಲ್ಲಿ ಬೆರಳು ಹಾಕಿದ್ದಾನೆ. ‘ಇದು ಮಾತ್ರ ಬೇಡಪ್ಪ, ದೊಡ್ಡವನಾದ ಮೇಲೆ ನನ್ನನ್ನ ಬೈತಾನೆ’ ಅಂದರು. ತೆಗೆದೆ.

ನಡುಗೋಡೆ ಅವರೇ, ಗೋಡೆ ಮೇಲೆ ಒಂದು ಹಳೇ ಫೋಟೋ ಇದೆ. ಆ ತಮ್ಮ ಅದರಲ್ಲೇ ನಿಂತಿದ್ದಾರೆ, ಅಜ್ಜನ ಹೆಗಲ ಮೇಲೆ ಕೈ ಹಾಕಿಕೊಂಡು. ಹನ್ನೊಂದು ಶಾಟ್‌ನಲ್ಲಿ ಕಾಣ್ತಾರೆ. ರಾತ್ರಿಯಿಂದ ಬ್ಲರ್ ಮಾಡ್ತಾ ಕೂತಿದ್ದೀನಿ, ಇನ್ನೂ ನಾಲ್ಕು ಬಾಕಿ.